ಇತರೆ, ವಿವರಿಸಿ

ಫಾರಂ ಎರಡು ಪುಟ. ಇಂಗ್ಲಿಷು ಎಡಕ್ಕೆ, ಅರಬ್ಬಿ ಬಲಕ್ಕೆ,
ನಡುವೆ ಒಂದು ಗೆರೆ, ಆ ಗೆರೆಯ ಮೇಲೆ ನಾನು.
ತಾರತಮ್ಯ ಯಾವ ಬಗೆಯದು, ಟಿಕ್ ಹಾಕಿ:
ಬಣ್ಣ. ದೇಶ. ಧರ್ಮ. ಹೆಣ್ಣು ಗಂಡು. ವಯಸ್ಸು. ಅಂಗವೈಕಲ್ಯ.
ಆರು ಚೌಕಕ್ಕೂ ಪೆನ್ನು ತಾಗಿಸಿ ನೋಡಿದೆ.
ಅವನದೂ ನನ್ನದೂ ಒಂದೇ ಬಣ್ಣ,
ಒಂದೇ ನೀಲಿ ಪಾಸ್‌ಪೋರ್ಟು,
ಬಿಸಿಲಿಗೆ ಇಬ್ಬರ ಕುತ್ತಿಗೆಯೂ ಒಂದೇ ಥರ ಸುಟ್ಟಿದೆ.
ಏಳನೆಯದು: ಇತರೆ, ವಿವರಿಸಿ.
ವಿವರಿಸಲಿಕ್ಕೆ ಒಂದೂವರೆ ಸಾಲು.

ಮಾರಿಸೆಲ್ ಮೇಡಂ ಏಸಿ ಕಡಿಮೆ ಮಾಡಿದಳು.
ಹೊರಗೆ ದುಕ್ಮಿನ ಗಾಳಿ ಪೋರ್ಟಾಕ್ಯಾಬಿನ್ನಿನ ತಗಡನ್ನು
ಮರಳು ಹಾಕಿ ಉಜ್ಜುತ್ತಿತ್ತು, ನಾನು ಹಂಡೆ ಉಜ್ಜುವ ಹಾಗೆ.
"ಹೇಳು," ಅಂದಳು, ಕ್ಯಾಂಪಿನ ಹಿಂದಿಯಲ್ಲಿ.

ಮೂರು ತಿಂಗಳು ಹಿಟ್ಟು ನಾದಿದೆ ಮೇಡಂ.
ಸಾವಿರದ ನೂರು ಜನರ ಚಪಾತಿ, ರಾತ್ರಿ ಎರಡಕ್ಕೆ ಎದ್ದು.
ನೇಪಾಳದವರು, ಬಂಗಾಳದವರು, ಈಜಿಪ್ಟಿನ ವೆಲ್ಡರುಗಳು,
ಯಾರೂ ಚಪಾತಿಗೆ ಅದರಪ್ಪನ ಹೆಸರು ಕೇಳಲಿಲ್ಲ.
ಆಮೇಲೆ ಮಸ್ಕತ್ತಿನಿಂದ ಹೊಸ ಸೂಪರ್‌ವೈಸರ್ ಬಂದ.
"ನಮ್ಮ ಕಡೆಯವನಾ ನೀನು!" ಅಂದ, ಕನ್ನಡದಲ್ಲಿ.
ಎರಡು ವರ್ಷದ ಮೇಲೆ ಕಿವಿಗೆ ಬಿದ್ದ ಕನ್ನಡ,
ಅಳುವೇ ಬಂತು. ತಪ್ಪು ಈರುಳ್ಳಿ ಮೇಲೆ ಹಾಕಿದೆ.
ಕೊಪ್ಪಳ ಅಂದೆ. ಕೊಪ್ಪಳದಾಗ ಯಾವ ಊರು ಅಂದ.
ಊರಾಗ ಯಾವ ಓಣಿ ಅಂದ. ಮನಿದೇವರು ಯಾವುದಪಾ ಅಂದ.
ಅಷ್ಟು ಅಕ್ಕರೆಯಿಂದ ಯಾರೂ ನನ್ನ ಕೇಳಿರಲಿಲ್ಲ.
ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಹೋದ,
ತಳದಲ್ಲಿ ನನ್ನ ಬಿಟ್ಟು ತಾನು ಹತ್ತಿಕೊಂಡ.

ಮರುದಿನ ಹಿಟ್ಟಿನ ಮೇಜಿಗೆ ಬೇರೆಯವನು.
ನನಗೆ ಜಿಡ್ಡಿನ ಗುಂಡಿ, ಮೋರಿ, ಹದಿನೆಂಟು ಪಾಯಖಾನೆ.
ಕಾರಣ: ಡ್ಯೂಟಿ ರೋಸ್ಟರ್.
ಗ್ಲಾಸು ಬೇರೆ.

"ಅರ್ಥವಾಗಲಿಲ್ಲ," ಅಂದಳು. "ಅವನಿಗೆ ಹೇಗೆ ಕಂಡಿತು?
ಮುಖದಲ್ಲಿದೆಯಾ? ಹೆಸರಲ್ಲಾ?"
ನಾನು ಮುಖ ಮುಟ್ಟಿಕೊಂಡೆ, ನಿಜಕ್ಕೂ.
ಬ್ಯಾಡ್ಜಿನಲ್ಲಿ ಬರೀ ಹನುಮೇಶ. ಹನುಮೇಶರು ಎಲ್ಲ ಓಣಿಯಲ್ಲೂ ಇರುತ್ತಾರೆ.
"ಸುಳ್ಳು ಹೇಳಬಹುದಿತ್ತಲ್ಲ?"
ಹೇಳಬಹುದಿತ್ತು. ಕನ್ನಡದಲ್ಲಿ ಕೇಳಿದ,
ಮರೆತುಬಿಟ್ಟೆ.

ಪುರಾವೆ ಲಗತ್ತಿಸಿ, ಅಂತಿತ್ತು. ಲಗತ್ತಿಸಿದೆ:
ಪ್ಲಾಸ್ಟಿಕ್ ಚೀಲದಿಂದ ಒಂದು ಸ್ಟೀಲ್ ಗ್ಲಾಸು,
ತಳಕ್ಕೆ ಕೆಂಪು ಬೊಟ್ಟು, ಪೈಪ್‌ಲೈನಿಗೆ ಬಳಿದು ಉಳಿದ ಪೇಂಟು.
ಉಡುಗೊರೆ ಅಂದುಕೊಂಡು ಥ್ಯಾಂಕ್ಯೂ ಅಂದಳು, ಪಾಪ.
ತಿಳಿಸಿ ಹೇಳಿದ ಮೇಲೂ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದಳು.
ಆಮೇಲೆ ಬಿಳಿ ಸ್ಟಿಕ್ಕರಿನ ಮೇಲೆ ನಂಬರು ಬರೆದು ಅಂಟಿಸಿದಳು.
ಈಗ ಅದಕ್ಕೆ ಎರಡು ಗುರುತು.

ಸಾಕ್ಷಿ: ಟೇಕ್ ಬಹಾದುರ್, ಬಾಯ್ಲರ್ ವಿಭಾಗ.
ಅವನಿಗೆ ವಿವರಿಸಬೇಕಾಗಿರಲಿಲ್ಲ. ಅವನ ಬೆಟ್ಟದಲ್ಲೂ ಇದೆ.
ಚಿಕ್ಕವನಿದ್ದಾಗ ನಲ್ಲಿಯ ಹತ್ತಿರ ಅವನೇ ಯಾರನ್ನೋ
ದೂರ ನಿಲ್ಲಿಸಿದ್ದನಂತೆ.
ಅದನ್ನು ಹೇಳಿ, ಸಹಿ ಹಾಕಿ, ಎರಡು ದಿನ ನನ್ನ ಕಣ್ಣು ತಪ್ಪಿಸಿದ.

ಕೊನೆಯ ಕಾಲಂ: ವಿಚಾರಣೆಗೆ ಯಾವ ಭಾಷೆ? ದುಭಾಷಿ ಬೇಕೇ?
ಬೇಕು, ಕನ್ನಡ, ಅಂದೆ.
ಮಾರಿಸೆಲ್ ಕಂಪ್ಯೂಟರಿನಲ್ಲಿ ಹುಡುಕಿದಳು. ಇಡೀ ಕಂಪನಿಗೆ
ಕನ್ನಡ ಬರುವವರು ಇಬ್ಬರು.
ಒಬ್ಬ ನಾನು.

ಗಾಳಿ ಉಜ್ಜುತ್ತಲೇ ಇತ್ತು.
ಹಾಗಾದರೆ ಬೇಡ ಮೇಡಂ. ಹರಕು ಹಿಂದಿ, ಮುರುಕು ಅರಬ್ಬಿ,
ಸಾಲದ್ದಕ್ಕೆ ಕೈಸನ್ನೆ. ನಾನೇ ಹೇಳಿಕೊಳ್ಳುತ್ತೇನೆ.
ಆದರೆ ಒಂದು ಮಾತು ಹಾಗೇ ಇರಲಿ, ಬರೆದುಕೊಳ್ಳಿ:
ಜೆ. ಎ. ಟಿ. ಐ.
"ಇಷ್ಟೇನಾ?" ಅಂದಳು.
ಚೌಕದಲ್ಲಿ ಇನ್ನೂ ಜಾಗ ಉಳಿದಿತ್ತು.

ಹದಿನಾಲ್ಕು ಕೆಲಸದ ದಿನ, ಶುಕ್ರ ಶನಿ ಬಿಟ್ಟು.
ರಶೀದಿ ಜೇಬಿನಲ್ಲಿದೆ, ಒಗೆಯುವಾಗ ತೆಗೆದಿಡುತ್ತೇನೆ.
ರಾತ್ರಿ ಎರಡಕ್ಕೆ ಈಗಲೂ ಎಚ್ಚರವಾಗುತ್ತದೆ.
ಕೈ ತಾನೇ ಹಾಸಿಗೆಯ ಅಂಚನ್ನು
ನಾದುತ್ತಿರುತ್ತದೆ.