ತುಸು ಎತ್ತಿ, ತಳ್ಳಿ

ಪೆಟ್ಟಿಗೆಯೊಳಗಿನ ಚೀಟಿ ಹೇಳುತ್ತದೆ:
ಬಾಗಿಲ ದಪ್ಪ ಮೂವತ್ತೈದರಿಂದ ಐವತ್ತೈದು ಮಿಲಿಮೀಟರ್.
ಶಿವಮೊಗ್ಗ ಕೋಟೆ ರಸ್ತೆಯ ಕಾರ್ಮಿನ್ ಬಾಯಿಯವರ ಬಾಗಿಲು
ನನ್ನ ಟೇಪಿಗೆ ಎಪ್ಪತ್ತೆರಡು ಅಂದಿತು,
ಕೆಳಗೆ ಎಪ್ಪತ್ತೈದು.
ಮಾಡಿದ ಆಚಾರಿಗೆ ಮಿಲಿಮೀಟರ್ ಗೊತ್ತಿರಲಿಲ್ಲ,
ಬೆರಳು ಗೊತ್ತಿತ್ತು.

ಹೊನ್ನೆ ಮರ.
ಮೊದಲ ಡ್ರಿಲ್ ಬಿಟ್ ಟಣ್ಣೆಂದು ಮುರಿಯಿತು,
ಎರಡನೆಯದು ಹೊಗೆಯಾಡಿ ಕಪ್ಪಾಯಿತು.
ತೂತಿನಿಂದ ಉದುರಿದ ಹುಡಿಯನ್ನು ಬಾಯಿ
ಹಳೇ ಲಕೋಟೆಯೊಂದಕ್ಕೆ ಗುಡಿಸಿ ತುಂಬಿದರು.
'ಪಕ್ಕದ ಗುರುಪಾದಯ್ಯನವರಿಗೆ ಸಕ್ಕರೆ ಖಾಯಿಲೆ,
ನೀರಲ್ಲಿ ನೆನೆಸಿ ಕುಡಿಯಲಿ.'
ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿದ್ದವರು,
ಯಾವುದನ್ನೂ ವಿಳಾಸವಿಲ್ಲದೆ ಬಿಡುವುದಿಲ್ಲ.

ಬೀಗ ಯಾಕೆ ಎಂದರೆ, ಹುಡುಗಿಯರಿಗಾಗಿ.
ಮಹಡಿಯಲ್ಲಿ ನರ್ಸಿಂಗ್ ಓದುವ ನಾಲ್ವರು,
ಮೆಗ್ಗಾನಿನ ಪಾಳಿ ಮುಗಿಸಿ ಬರುವುದು ಹೊತ್ತಲ್ಲದ ಹೊತ್ತಿಗೆ.
ಅಗುಳಿ ತೆಗೆಯಲು ಎದ್ದೆದ್ದು
ಬಾಯಿಯ ನಿದ್ದೆ ಚೂರುಚೂರಾಗಿತ್ತು.
ಈಗ ನಾಲ್ಕು ಹೆಬ್ಬೆರಳು, ಒಂದು ಗುಪ್ತಸಂಖ್ಯೆ, ಮುಗಿಯಿತು.

ಮುಗಿಯಲಿಲ್ಲ.
ಮೋಟಾರು ಕಿರ್ರೆಂದಿತು,
ಬೀಗದ ನಾಲಿಗೆ ಚೌಕಟ್ಟಿಗೆ ತಾಗಿ ಒಳಗೋಡಿತು.
ಮೂರು ಸಲ ಬೀಪ್, ಕೆಂಪು ದೀಪ.
'ಹಾಗಲ್ಲ ಮಾರಾಯ, ಹೀಗೆ.'
ಬಳೆ ಹಿಡಿದು ತುಸು ಎತ್ತಿ,
ಮೊಣಕಾಲಲ್ಲಿ ತಳ್ಳಿದರು. ಕೂತಿತು.
ಬಣ್ಣ ಸವೆದ ಜಾಗ ಅಲ್ಲಿ ಎರಡು:
ಒಂದು ಬಾಯಿಯ ಮೊಣಕಾಲಿನ ಎತ್ತರಕ್ಕೆ,
ಇನ್ನೊಂದು ನಾಲ್ಕು ಬೆರಳು ಮೇಲೆ.
ಅದು ಯಾರದೆಂದು ನಾನು ಕೇಳಲಿಲ್ಲ.

ಒಮ್ಮೆ ಒಬ್ಬ ಕಳ್ಳ ಬಂದಿದ್ದನಂತೆ.
ಬೀಗ ಮುರಿದ, ಅಗುಳಿಯೂ ಹಾಕಿರಲಿಲ್ಲ,
ಆದರೂ ಬಾಗಿಲು ಬಿಟ್ಟುಕೊಡಲಿಲ್ಲ.
ಒಳಗೆ ಯಾರೋ ಗಟ್ಟಿಗರು ಒತ್ತಿ ನಿಂತಿದ್ದಾರೆಂದು
ಹೆದರಿ, ಚಪ್ಪಲಿ ಬಿಟ್ಟು ಓಡಿದನಂತೆ.
'ಒಳ್ಳೆ ಚಪ್ಪಲಿ' ಎಂದರು ಬಾಯಿ.

ಯಂತ್ರಕ್ಕೆ ಮೊಣಕಾಲಿಲ್ಲ, ಏನು ಮಾಡಲಿ?
ಬಾಗಿಲು ಕಳಚಿ ಮಲಗಿಸಿದೆ,
ತಳಕ್ಕೆ ಉಜ್ಜುಗೊರಡು ಹಾಕಿದೆ.
ಸುರುಳಿ ಸುರುಳಿಯಾಗಿ ಎದ್ದು ಬಂತು
ಅಷ್ಟು ವರ್ಷದ ಮೊಂಡುತನ.
ತಿರುಗಣೆಗೆ ಎಣ್ಣೆ ಬಿಟ್ಟು ಮತ್ತೆ ನಿಲ್ಲಿಸಿದಾಗ
ಒಂದೇ ಬೆರಳಿಗೆ ತೇಲಿತು.
ಬಾಯಿ ಎರಡು ಸಲ ತೆಗೆದು ಮುಚ್ಚಿ ನೋಡಿ
'ಚೆಂದ ಆಯ್ತು' ಎಂದರು,
ಸತ್ತವರ ಮುಖ ನೋಡಿ ಹೇಳುವ ಹಾಗೆ.

ಮರುದಿನ ಏಳಕ್ಕೇ ಫೋನು.
ರಾತ್ರಿ ಪಾಳಿ ಮುಗಿಸಿ ಬಂದ ಶಾಹಿದಾ
ಬೆರಳಿಟ್ಟಳು, ಹಸಿರು ದೀಪ ಬಂತು,
ಅಭ್ಯಾಸಬಲದಿಂದ ಎತ್ತಿ, ಮೊಣಕಾಲು ಕೊಟ್ಟಳು.
ತಡೆಯುವವರು ಯಾರೂ ಇರಲಿಲ್ಲ.
ಊಟದ ಡಬ್ಬಿಯ ಸಮೇತ ಪಡಸಾಲೆಯ ನಡುವೆ ಬಿದ್ದಳು.
ಉಳಿದ ಮೂವರು ಎದ್ದು ಬಂದು ನಕ್ಕಿದ್ದೇ ನಕ್ಕಿದ್ದು.
ಬಾಯಿಗೆ ಮಾತ್ರ ಬೆಳಗಿನ ತನಕ ನಿದ್ದೆಯಿಲ್ಲ:
'ಗಾಳಿಗೂ ಗೊತ್ತಾಗಿಬಿಟ್ಟಿದೆ ಈ ಬಾಗಿಲು.
ತುಸು ಕೆಡಿಸಿ ಕೊಡು.'

ತುಸು ಕೆಡಿಸುವುದು ನನಗೆ ಯಾರೂ ಕಲಿಸಿರಲಿಲ್ಲ.
ಗೊರಡಿನ ಸುರುಳಿ ಒಲೆ ಸೇರಿ ಆಗಿತ್ತು.
ಹಳೇ ಸೈಕಲ್ ಟ್ಯೂಬು ಕತ್ತರಿಸಿ
ಬಾಗಿಲಿನ ತಳಕ್ಕೆ, ಕಾಣದ ಹಾಗೆ, ಮೊಳೆ ಹೊಡೆದೆ.
ಹೆಚ್ಚಾಯಿತು, ಬಿಚ್ಚಿದೆ. ಕಮ್ಮಿಯಾಯಿತು, ಮಡಿಸಿದೆ.
ಮಧ್ಯಾಹ್ನದವರೆಗೂ ಅದೇ.
ಕಂಪನಿಯ ಆಪಿನಲ್ಲಿ ಇದಕ್ಕೆ ಕಲಮ್ಮು ಇಲ್ಲ,
ದುಡ್ಡು ಕೇಳಲು ನನಗೂ ಬಾಯಿ ಬರಲಿಲ್ಲ.

ಕೊನೆಗೆ ಅವರನ್ನೇ ಹೊರಗೆ ನಿಲ್ಲಿಸಿದೆ.
ಅಂಚೆಯ ಮೊಹರು ಒತ್ತಿ ಒತ್ತಿ ಸವೆದ ಹೆಬ್ಬೆರಳು
ಐದನೆಯ ಸಲಕ್ಕೆ ಗುರುತು ಸಿಕ್ಕಿತು.
ಬೀಗ ಹಾಡಿತು: ತೆರೆದಿದೆ.
ಬಾಯಿ ನೂಕಿದರು.
ಬಾಗಿಲು ಅಲುಗಲಿಲ್ಲ.
ನನ್ನ ಕಡೆ ತಿರುಗಿ, ಮೊದಲ ಸಲ, ಹಲ್ಲು ಕಾಣುವಂತೆ ನಕ್ಕು
ಸೀರೆಯ ನೆರಿಗೆ ಸರಿಸಿ
ಮೊಣಕಾಲು ಮುಂದಿಟ್ಟರು.