ನಗಬೇಡಿ ಎನ್ನುವ ಕೆಲಸ

ವಿರಾಜಪೇಟೆಯ ಗಡಿಯಾರ ಕಂಬದಿಂದ ಇಳಿಜಾರು ಹಿಡಿದರೆ
ಚಪ್ಪಲಿ ಅಂಗಡಿಯ ಮೇಲೆ, ಹದಿನೇಳು ಮೆಟ್ಟಿಲು,
ಅಪ್ಪ ಬಿಟ್ಟುಹೋದ ಸ್ಟುಡಿಯೋ.
ಆಗ ಪರದೆಯ ಮೇಲೆ ತಾಜ್‌ಮಹಲಿತ್ತು,
ಎರಡು ಹಂಸ, ಒಂದು ಕೊಳ.
ಈಗ ಬರೀ ಬಿಳಿ.
ಎಲ್ಲ ದೇಶಗಳಿಗೂ ಬೇಕಾದ್ದು ಅದೊಂದೇ:
ಹಿಂದೆ ಏನೂ ಇಲ್ಲದ ಮನುಷ್ಯ.

ಅಳತೆ ನನಗೆ ಬಾಯಿಪಾಠ.
ಯುರೋಪಿಗೆ ಮೂವತ್ತೈದಕ್ಕೆ ನಲವತ್ತೈದು ಮಿಲಿಮೀಟರು,
ಅಮೆರಿಕಕ್ಕೆ ಎರಡಿಂಚು ಚೌಕ.
ಕನ್ನಡಕ ತೆಗೆಯಿರಿ, ಗಲ್ಲ ಸ್ವಲ್ಪ ಕೆಳಗೆ,
ಹಲ್ಲು ಕಾಣಬಾರದು.
ಇದೇ ಸ್ಟೂಲಿನ ಮೇಲೆ ಕೂತವರಿಗೆ ಮೂವತ್ತು ವರ್ಷ
ಅಪ್ಪ "ಸ್ವಲ್ಪ ನಗಿ" ಅಂದರು.
ನಾನು ನಗಬೇಡಿ ಅಂದು ಬಾಡಿಗೆ ಕಟ್ಟುತ್ತೇನೆ.

ಫೋಟೋಗೆ ಬಂದವರು
ಫಾರಂ ಕೂಡ ನೀನೇ ತುಂಬಿಬಿಡು ಫ್ಲೋರಿನ್ ಅನ್ನುತ್ತಾರೆ.
ಕಷ್ಟ ಶುರುವಾಗುವುದು ಅಲ್ಲಿ.

ದೇಚಕ್ಕ, ಐವತ್ತೆಂಟು, ಗೋಲ್‌ಕೀಪರ್.
ಹಿರಿಯ ಹೆಂಗಸರ ಹಾಕಿ ಟೀಮಿನ ಜೊತೆ ಪರ್ತ್‌ಗೆ ಹೊರಟವಳು.
ಒಕ್ಕದ ಹೆಸರು ಮೊದಲು ಬರೆ ಅನ್ನುತ್ತಾಳೆ,
ಫಾರಂ ಕೇಳುವುದು ಕೊನೆಯ ಹೆಸರು.
"ಇಷ್ಟು ತಲೆಮಾರು ಮುಂದಿದ್ದದ್ದನ್ನ ಹಿಂದೆ ಹಾಕ್ತೀಯಾ?"
ಹಾಕಿದೆ. ನೋಡಿದಳು,
ಗೋಲು ಬಿಟ್ಟವಳ ಹಾಗೆ.
ನೋಡಿಬರುವ ವೀಸಾಕ್ಕೆ ಬೇಕಾದ್ದು
ತಿರುಗಿ ಬಂದೇ ಬರುತ್ತಾಳೆ ಎನ್ನುವುದಕ್ಕೆ ಪುರಾವೆ.
ಆರ್‌ಟಿಸಿ ಕೊಟ್ಟಳು, ಪಾಸ್‌ಬುಕ್ಕು, ಕಾಫಿ ಮಾರಿದ ರಸೀದಿ.
ಇನ್ನೇನಾದರೂ?
"ನಾಲ್ಕು ಹಂದಿ ಸಾಕಿದ್ದೇನೆ. ಬರೆಯೋಕಾಗುತ್ತಾ?"

ತಿತಿಮತಿಯ ಹಾಡಿಯಿಂದ ಸರಸು ಬಂದಳು, ನರ್ಸು,
ಜರ್ಮನ್ ಪರೀಕ್ಷೆ ಪಾಸಾದ ಕಾಗದ ಪ್ಲಾಸ್ಟಿಕ್ಕಿನಲ್ಲಿ.
ಹುಟ್ಟಿದ ದಿನ ಜೂನ್ ಒಂದು.
ಹಾಡಿಯ ಮಕ್ಕಳೆಲ್ಲ ಹುಟ್ಟಿದ್ದು ಅವತ್ತೇ,
ಮೇಷ್ಟ್ರ ರಿಜಿಸ್ಟರಿನಲ್ಲಿ.
ಅವಳ ಅವ್ವ ಹೇಳುವುದು ಬೇರೆ:
ಮೆಣಸು ಕೊಯ್ಲು, ಏಣಿಯಿಂದ ಇಳಿದು ಇನ್ನೂ ಬುಟ್ಟಿ ಇಟ್ಟಿರಲಿಲ್ಲ.
ಫಾರಂನಲ್ಲಿ ಏಣಿಗೆ ಜಾಗವಿಲ್ಲ, ಜೂನ್ ಒಂದೇ ಉಳಿಯಿತು.
ಕೆಲಸದ ವೀಸಾಕ್ಕೆ ಬೇಕಾದ ಪುರಾವೆ ಇನ್ನೊಂದು,
ನೀನು ನಮಗೆ ಬೇಕು ಅಂತ ಯಾರಾದರೂ ಬರೆದುಕೊಡಬೇಕು.
ಬರೆದಿದ್ದರು, ಯಾವುದೋ ಊರಿನ ಆಸ್ಪತ್ರೆಯವರು,
ಸೀಲು ಹಾಕಿ, ಎರಡು ಪುಟ.
ಸರಸು ಅದನ್ನು ಜೆರಾಕ್ಸಿಗೆ ಕೊಡಲೂ ಹಿಂಜರಿದಳು.
ಇಲ್ಲಿ ಯಾರೂ ಅವಳಿಗೆ ಹಾಗೆ ಬರೆದುಕೊಟ್ಟಿರಲಿಲ್ಲ.

ಕೊಂಡಂಗೇರಿಯ ಸುಲೈಖಳದು ಮಾತ್ರ ಇವತ್ತಿಗೂ ತಲೆಯಲ್ಲಿದೆ.
ಗಂಡ ಲೆಸ್ಟರಿನಲ್ಲಿ. ನಿಕಾಹ್ ಆದ ಒಂಬತ್ತನೇ ದಿನ ಹೋದವನು.
ಇಬ್ಬರೂ ಒಟ್ಟಿಗಿರುವ ಫೋಟೋ ತನ್ನಿ ಅಂದಿದ್ದಾರೆ.
ಇರುವುದು ಗಂಡಸರ ಚಪ್ಪರದಲ್ಲಿ ಅವನದು,
ಒಳಮನೆಯಲ್ಲಿ ಅವಳದು.
"ಜೋಡಿಸಿ ಕೊಡ್ತೀರಾ?"

ಅಪ್ಪ ಜೋಡಿಸುತ್ತಿದ್ದರು.
ಸತ್ತ ಗಂಡನನ್ನು ಹೆಂಡತಿಯ ಪಕ್ಕದ ಕುರ್ಚಿಯಲ್ಲಿ
ಕೂರಿಸಿಕೊಟ್ಟದ್ದುಂಟು, ಕೋಟು ಹಾಕಿಸಿ.
ಯಾರೂ ಮೋಸ ಅನ್ನಲಿಲ್ಲ.
ನಾನು ಆಗಲ್ಲ ಅಂದೆ. ಸಿಕ್ಕಿಬಿದ್ದರೆ ಹತ್ತು ವರ್ಷ ಆ ಬಾಗಿಲು ಮುಚ್ಚುತ್ತದೆ.

ಅವಳ ಫೋನಿನ ಕರೆಗಳ ಪಟ್ಟಿ ಪ್ರಿಂಟು ತೆಗೆದೆವು.
ರಾತ್ರಿ ಹನ್ನೊಂದು ಇಪ್ಪತ್ತು, ನಲವತ್ತಾರು ನಿಮಿಷ.
ಹನ್ನೆರಡು ಐದು, ಒಂದು ಗಂಟೆ ಎರಡು ನಿಮಿಷ.
ಮೂರನೇ ಹಾಳೆಯಲ್ಲಿ ಒಂದು: ಹದಿಮೂರು ಸೆಕೆಂಡು.
ಕೆನ್ನೆ ಕೆಂಪಾಯಿತು. "ಅವತ್ತು ಜಗಳ."
ಬಿಟ್ಟುಬಿಡಲಾ ಈ ಹಾಳೆ?
"ಬೇಡ. ಇರಲಿ."

ಉತ್ತರ ಇನ್ನೂ ಬಂದಿಲ್ಲ ಅವಳಿಗೆ.
ಸರಸುವಿಗೆ ಚೆನ್ನೈಗೆ ಬಾ ಅಂದಿದ್ದಾರೆ.
ದೇಚಕ್ಕ ಹೋದಳು, ಆರು ಗೋಲು ತಿಂದಳು, ಬಂದಳು,
ಹಂದಿಗಳು ಸಾಕ್ಷಿ.
ನನಗೊಂದು ಫೋಟೋ ತಂದಳು:
ಕಾಲಿಗೆ ಪ್ಯಾಡು, ಬಾಯ್ತುಂಬ ಹಲ್ಲು,
ಹಿಂದೆ ಏನೇನೋ. ಬೇಲಿ, ಒಂದು ನಾಯಿ, ಯಾರದೋ ಮೊಣಕೈ.

ಕ್ಯಾಮೆರಾದ ಮೇಲ್ಗಡೆ ಗೋಡೆಗೆ ಅಂಟಿಸಿದ್ದೇನೆ.
ಸ್ಟೂಲಿನ ಮೇಲೆ ಕೂತವರು ಅದನ್ನು ನೋಡಿ
ನಕ್ಕುಬಿಡುತ್ತಾರೆ.
ಮತ್ತೆ ತೆಗೆಯಬೇಕು.