ನೆರಳಾಗಿನ ನೂಲು

ಹದಿನೆಂಟು ಸಾವಿರದ ದೀಪ
ಫೋನಿನಾಗ ನೋಡಿ ಮುಚ್ಚಿಟ್ಟೆ.
ತಂದದ್ದು ಎರಡು ಸಾವಿರದ್ದು,
ಬಿಳಿಗೊಂದು ತಿರುಗಣಿ, ನೀಲಿಗೊಂದು.

ಗುಳೇದಗುಡ್ಡದ ನಮ್ಮ ಪಡಸಾಲ್ಯಾಗ
ಉಪ್ಪು ಕಲಸಿದ ಎರಡು ಕೊಡ ನೀರು,
ಹೆಬ್ಬೆರಳಷ್ಟು ಹವಳ
ಬಾಯಿ ಮುಚ್ಚಿ ಕುಂತೈತಿ.

ನೀಲಿ ಹಚ್ಚಿದೆ.
"ಕರದಂಟಿನ ಅಂಗಡ್ಯಾಗ ನೊಣ ಸುಡೋ ದೀಪ ಇದು"
ಅಂದ ಬಸಲಿಂಗ ಮಾಮಾ,
ನಲವತ್ತು ವರ್ಷ ಖಣದ ನೂಲು ಬಣ್ಣಕ್ಕ ಅದ್ದಿದವ,
ಸಮುದ್ರ ಕಾಣದವ.
ನೀಲಿ ಹಾಕಿ ಒಗೆದ ಅವನ ಅಂಗೀನ
ಹವಳಕ್ಕಿಂತ ಜೋರು ಹೊಳೀತು.

ನಾ ತಿರುಗಣಿ ಪೂರ್ತಿ ತಿರುವೂದ್ರಾಗ
ಕೈ ಹಿಡಿದ:
"ಹಸಿ ನೂಲು ಬಿಸಿಲಿಗೆ ಹಾಕತಾರೇನು, ಹುಚ್ಚಿ?
ನೆರಳಾಗಿಡು. ಬಣ್ಣ ತಾನ ಕೂಡತೈತಿ."

ಕಾಲುಭಾಗಕ್ಕ ಇಳಿಸಿದೆ.
ಒಂಬತ್ತು ದಿನ. ನಡುವ ಎರಡು ಸಲ ಕರೆಂಟ್ ಹೋತು.
ಇವತ್ತ ಒಂದು ಬಾಯಿ,
ಸಾಸಿವಿಯಷ್ಟು, ಹಸಿರು,
ತೆರೆದೈತಿ.

ಮಾಮಾ ಚಾಳೀಸು ಹುಡುಕಾಕತ್ತಾನ.